3,600 ಸ್ಟಾಲ್ ಎಂದು ಕೊಂಡ ಟಾರ್ಕ್ ಕನ್ವರ್ಟರ್ 2,700ರಲ್ಲೇ ನಿಲ್ಲುತ್ತಿದೆ: ಇನ್ನೂ ಹೆಚ್ಚಿನ ಸ್ಟಾಲ್ ಬೇಕೇ?

ಪ್ರಶ್ನೆ, ಕುಂಬಳೆಯಿಂದ:

ಅಬುಧಾಬಿಯಲ್ಲಿ ಕೆಲಸದಲ್ಲಿರುವ ನಾನು ಮಳೆಗಾಲದ ರಜೆಗೆ ಊರಿಗೆ ಬಂದಿದ್ದೇನೆ. ಅಲ್ಲಿರುವ ನನ್ನ 2004ರ ಶೆವರ್ಲೆ ಲುಮಿನಾ ಎಸ್‌ಎಸ್‌ಗೆ (5.7 ಲೀಟರ್ ವಿ8, 4ಎಲ್60ಇ ಗೇರ್‌ಬಾಕ್ಸ್, 3.46 ಡಿಫರೆನ್ಶಿಯಲ್) ಕಳೆದ ವರ್ಷ ಪರಿಚಿತರೊಬ್ಬರಿಂದ 10 ಇಂಚಿನ ಬಳಸಿದ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಕೊಂಡು ಜೋಡಿಸಿದ್ದೆ. ಅದನ್ನು 3,600 ಸ್ಟಾಲ್ ಎಂದು ಹೇಳಿದ್ದರು, ಅಂದರೆ ಚಕ್ರ ತಿರುಗದಂತೆ ತಡೆದು ಪೂರ್ಣ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ 3,600 ಆರ್‌ಪಿಎಂವರೆಗೆ (ನಿಮಿಷಕ್ಕೆ ಸುತ್ತು) ಏರಿ ನಿಲ್ಲಬೇಕು. ಆದರೆ ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಕೊಟ್ಟರೆ ಮುಳ್ಳು 2,700 ದಾಟುವುದಿಲ್ಲ. ಅಷ್ಟರಲ್ಲಿ ಹಿಂಚಕ್ರಗಳು ತಿರುಗತೊಡಗುತ್ತವೆ. ಯಾಸ್ ಮರೀನಾದ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಮೊದಲ 60 ಅಡಿಗೆ 2.1 ಸೆಕೆಂಡ್ ಹಿಡಿಯುತ್ತಿದೆ. ಕಾಲು ಮೈಲಿಯ ಕೊನೆಯಲ್ಲಿ ಮೂರನೇ ಗೇರಿನಲ್ಲಿ ವೇಗ 172 ಕಿ.ಮೀ., ಎಂಜಿನ್ 5,450 ಆರ್‌ಪಿಎಂ. ಹಿಂತಿರುಗುವ ಮೊದಲು 4,000 ಸ್ಟಾಲ್‌ನ ಹೊಸ ಕನ್ವರ್ಟರ್ ಆರ್ಡರ್ ಮಾಡಬೇಕೆಂದಿದ್ದೇನೆ. ಸರಿಯೇ?

ಉತ್ತರ, ಬದಿಯಡ್ಕದಿಂದ:

ದಯವಿಟ್ಟು ಈಗಲೇ ಆರ್ಡರ್ ಮಾಡಬೇಡಿ. ಶಾರ್ಜಾದಲ್ಲಿ ಹಲವು ವರ್ಷ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದವನಾಗಿ ಹೇಳುವುದಾದರೆ, ಸ್ಟಾಲ್ ಎಂಬುದು ಕನ್ವರ್ಟರಿನ ಮೇಲೆ ಕೆತ್ತಿಟ್ಟ ಸ್ಥಿರ ಸಂಖ್ಯೆಯಲ್ಲ. ಅದು ಎಂಜಿನ್ ಕೊಡುವ ಟಾರ್ಕ್‌ಗೆ ತಕ್ಕಂತೆ ಬದಲಾಗುತ್ತದೆ. ಕನ್ವರ್ಟರಿನೊಳಗೆ ಎಣ್ಣೆಯನ್ನು ತಳ್ಳುವ ಚಕ್ರವಾದ ಇಂಪೆಲರ್, ತೋಟಕ್ಕೆ ನೀರೆತ್ತುವ ಪಂಪಿನ ಇಂಪೆಲರಿನ ದಾಯಾದಿಯೇ. ಅದು ಹೀರುವ ಟಾರ್ಕ್ ವೇಗದ ವರ್ಗಕ್ಕೂ ವ್ಯಾಸದ ಐದನೇ ಘಾತಕ್ಕೂ ಅನುಗುಣವಾಗಿರುತ್ತದೆ. ಆದ್ದರಿಂದಲೇ ಅದೇ ಆಕಾರದ 12 ಇಂಚಿನ ಕನ್ವರ್ಟರನ್ನು 10 ಇಂಚಿಗೆ ಇಳಿಸಿದರೆ, ಅದೇ ಟಾರ್ಕ್‌ಗೆ ಸ್ಟಾಲ್ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಆ 3,600 ಎಂಬುದು 600 ನ್ಯೂಟನ್ ಮೀಟರಿನ ಎಂಜಿನ್ನಿಗೆ ಹೇಳಿದ ಲೆಕ್ಕವಾಗಿದ್ದರೆ, ಸುಮಾರು 460 ಕೊಡುವ ನಿಮ್ಮ ಎಂಜಿನ್ನಿನಲ್ಲಿ ಅದೇ ಕನ್ವರ್ಟರ್ 3,150ರ ಆಸುಪಾಸಿನಲ್ಲಿ ನಿಲ್ಲಬೇಕು.

ಇನ್ನು 2,700 ಎಂಬುದು ಸ್ಟಾಲ್ ಅಲ್ಲವೇ ಅಲ್ಲ. ಅದು ನಿಮ್ಮ ಹಿಂಬದಿಯ ಬ್ರೇಕ್ ಸೋಲುವ ಬಿಂದು. ಬೇಕಾದದ್ದು ಫ್ಲ್ಯಾಶ್ ಸ್ಟಾಲ್: 1,500ರಲ್ಲಿ ನಿಂತು ಒಮ್ಮೆಲೇ ಪೂರ್ಣ ಥ್ರಾಟಲ್ ಕೊಟ್ಟಾಗ, ಟೈರ್ ಹಿಡಿತದಲ್ಲಿರುವಾಗಲೇ ಎಂಜಿನ್ ಹಾರಿ ನಿಲ್ಲುವ ವೇಗ. ಓಟದ ವೇಳೆ ಕಾರಿನ ಕಂಪ್ಯೂಟರಿನಿಂದ ದಾಖಲಿಸಿಕೊಂಡ ಹಳೆಯ ಲಾಗ್ ಇದ್ದರೆ ನೋಡಿ. ಬ್ರೇಕ್ ಒತ್ತಿ ಮಾಡುವ ಪರೀಕ್ಷೆಯನ್ನು ಮಾತ್ರ ಐದು ಸೆಕೆಂಡಿಗಿಂತ ಹೆಚ್ಚು ಎಳೆಯಬೇಡಿ. ಆಗ ಎಂಜಿನ್ನಿನ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದರಲ್ಲೇ ಹೋಗುತ್ತದೆ.

ಎಷ್ಟು ಸ್ಟಾಲ್ ಬೇಕೆಂಬುದನ್ನು ಗೇರ್ ಅನುಪಾತವೇ ಬಹುಮಟ್ಟಿಗೆ ಹೇಳುತ್ತದೆ. 4ಎಲ್60ಇಯ ಮೊದಲ ಗೇರ್ 3.06, ಎರಡನೆಯದು 1.63, ಇವುಗಳ ನಡುವಿನ ಅಂತರ ಬಹಳ ದೊಡ್ಡದು. 6,000ದಲ್ಲಿ ಗೇರ್ ಬದಲಾದರೆ ಲೆಕ್ಕದ ಪ್ರಕಾರ ಎಂಜಿನ್ 3,200ಕ್ಕೆ ಬೀಳುತ್ತದೆ. ಅದಕ್ಕಿಂತ ಕೆಳಗೆ ಕುಸಿಯಲು ಬಿಡದ ಕನ್ವರ್ಟರ್ ನಿಮಗೆ ಸಾಕು. ತಳಮಟ್ಟದಲ್ಲಿಯೂ ಚೆನ್ನಾಗಿ ಎಳೆಯುವ ಈ ಎಂಜಿನ್ನಿಗೆ 4,000 ಅನಗತ್ಯವೆಂದು ನನ್ನ ಅಭಿಪ್ರಾಯ.

ಆದರೆ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. 26 ಇಂಚಿನ ಟೈರ್ ಎಂದಿಟ್ಟುಕೊಂಡರೆ, 172 ಕಿ.ಮೀ. ವೇಗಕ್ಕೆ ಎಂಜಿನ್ 4,780 ತಿರುಗಿದರೆ ಸಾಕು. ನಿಮ್ಮದು 5,450, ಅಂದರೆ ಎಂಜಿನ್ನಿನ ಸುತ್ತಿನಲ್ಲಿ ಶೇ. 12ರಷ್ಟು ಗೇರ್‌ಬಾಕ್ಸಿಗೆ ದಾಟದೆ ಕನ್ವರ್ಟರಿನಲ್ಲೇ ಜಾರಿಕೆಯಾಗುತ್ತಿದೆ. ಇಂಥ ಕನ್ವರ್ಟರಿನಲ್ಲಿ ಅದು ಶೇ. 10ರೊಳಗೆ ಇರಬೇಕು. ಟೈರಿನ ಸುತ್ತಳತೆಯನ್ನು ಎಂದಾದರೂ ಅಳೆದಿದ್ದೀರಾ?

ಪ್ರಶ್ನೆ ಕೇಳಿದವರಿಂದ:

ಲ್ಯಾಪ್‌ಟಾಪಿನಲ್ಲಿ ಲಾಗ್ ಸಿಕ್ಕಿತು. ಎಂಜಿನ್ 3,200ಕ್ಕೆ ಹಾರಿ ಕ್ಷಣಕಾಲ ನಿಂತು, ಮತ್ತೆ 5,000 ದಾಟಿದೆ. ಗೇರ್‌ಬಾಕ್ಸ್ ತೋರಿಸುವ ವೇಗ ಅರ್ಧ ಸೆಕೆಂಡಿನಲ್ಲಿ 55 ಕಿ.ಮೀ. ಆಗಿ, ಆಮೇಲೆ ಇಳಿದಿದೆ. ಟೈರನ್ನು ಅಳೆದಿರಲಿಲ್ಲ, ಕೋಣೆಯ ಗೆಳೆಯನಿಗೆ ಫೋನ್ ಮಾಡಿ, ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಒಳಗೆ ಒಬ್ಬರನ್ನು ಕೂರಿಸಿ ಕಾರನ್ನು ಒಂದು ಸುತ್ತು ತಳ್ಳಿ ಅಳೆಯಲು ಹೇಳಿದೆ. 1.99 ಮೀಟರ್ ಬಂದಿದೆ.

ಉತ್ತರ, ಬದಿಯಡ್ಕದಿಂದ:

ಹಾಗಾದರೆ ಕನ್ವರ್ಟರ್ ನಿರಪರಾಧಿ. 26 ಇಂಚಿಗೆ ಸುತ್ತಳತೆ 2.07 ಮೀಟರ್ ಬರಬೇಕಿತ್ತು. ಸವೆತ ಮತ್ತು ಕಾರಿನ ಭಾರದಿಂದ ನಿಮ್ಮ ಟೈರ್ ಅದಕ್ಕಿಂತ ಚಿಕ್ಕದಾಗಿ ಉರುಳುತ್ತಿದೆ. 1.99 ಇಟ್ಟು ಲೆಕ್ಕ ಹಾಕಿದರೆ ಜಾರಿಕೆ ಶೇ. 8.5, ಅದು ಆರೋಗ್ಯಕರ. ಫ್ಲ್ಯಾಶ್ 3,200, ಅದೂ ಬೇಕಾದಷ್ಟೇ ಇದೆ. ನಿಂತ ಕಾರು ಅರ್ಧ ಸೆಕೆಂಡಿನಲ್ಲಿ 55 ಕಿ.ಮೀ. ಮುಟ್ಟಲು ಸಾಧ್ಯವಿಲ್ಲ; ಅದು ಚಕ್ರ ಸುಮ್ಮನೆ ಸುತ್ತಿದ ವೇಗ. 2.1 ಸೆಕೆಂಡಿನ ಕಾರಣ ಅಲ್ಲಿಯೇ ಇದೆ. 4,000 ಸ್ಟಾಲ್ ಹಾಕಿದ್ದರೆ ಟೈರ್ ಇನ್ನೂ ಹೆಚ್ಚು ಸುತ್ತಿ, ಹಣವೂ ಸಮಯವೂ ಹೋಗುತ್ತಿದ್ದವು.

ಕನ್ವರ್ಟರಿಗೆಂದು ತೆಗೆದಿಟ್ಟ ಹಣದಲ್ಲಿ ಹಿಂದಕ್ಕೆ ಒಂದು ಜೊತೆ ಡ್ರ್ಯಾಗ್ ರೇಡಿಯಲ್ ಟೈರ್ (ಹೆಚ್ಚು ಹಿಡಿತದ ಮೆದು ಟೈರ್) ಕೊಳ್ಳಿರಿ. ಉಳಿದದ್ದರಲ್ಲಿ ಗೇರ್‌ಬಾಕ್ಸಿಗೆ ಪ್ರತ್ಯೇಕ ಆಯಿಲ್ ಕೂಲರ್ ಹಾಕಿಸಿ, ಏಕೆಂದರೆ ಅಲ್ಲಿನ ಸೆಕೆಯಲ್ಲಿ ಸಾಲಾಗಿ ಎರಡು ಮೂರು ಓಟ ಓಡಿಸಿದರೆ ಎಣ್ಣೆ ಬೇಗ ಸುಡುತ್ತದೆ. ಮುಂದೆ ಎಂದಾದರೂ ಕನ್ವರ್ಟರ್ ಬದಲಿಸಿದರೆ, ಅದು ಗೇರ್‌ಬಾಕ್ಸಿನ ಎಣ್ಣೆ ಪಂಪಿನೊಳಗೆ ಪೂರ್ತಿ ಕುಳಿತಿದೆಯೇ, ಎಂಜಿನ್ನಿನ ಹಿಂದೆ ತಿರುಗುವ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ಮಧ್ಯೆ 3ರಿಂದ 5 ಮಿ.ಮೀ. ಜಾಗ ಉಳಿದಿದೆಯೇ ಎಂದು ಬೋಲ್ಟ್ ಬಿಗಿಯುವ ಮೊದಲೇ ನೋಡಿ. ಅದನ್ನು ನೋಡದೆ ಅವಸರದಲ್ಲಿ ಬಿಗಿದು ಒಂದು ಪಂಪ್ ಒಡೆದದ್ದು ನನಗಿನ್ನೂ ಮರೆತಿಲ್ಲ. ಹೊಸ ಟೈರಿನಲ್ಲಿ ಮೊದಲ ಓಟದ ಲಾಗ್ ಬಂದ ಮೇಲೆ ಇಲ್ಲಿಯೇ ಹಾಕಿರಿ. 60 ಅಡಿಯ ಸಮಯದ ಜೊತೆಗೆ ಟೈರಿನ ಗಾಳಿಯ ಒತ್ತಡವನ್ನೂ ಬರೆಯಿರಿ.