ಸಹಾಯ ಬೇಕು: ಅಮ್ಮನೊಂದಿಗೆ ಕದಕೇಸ್‌ಗೆ ಹೋಗುವ ದಾರಿ

ನಮಸ್ಕಾರ. ಬಾರ್ಸಿಲೋನಾದಲ್ಲಿದ್ದೇನೆ. ಧಾರವಾಡದಿಂದ ಅಮ್ಮ ಬಂದಿದ್ದಾರೆ. ಮುಂದಿನ ತಿಂಗಳು, ನವೆಂಬರ್‌ನಲ್ಲಿ, ಗದ್ದಲವಿಲ್ಲದ ಸಮುದ್ರತೀರವೊಂದನ್ನು ಅವರಿಗೆ ತೋರಿಸಲೇಬೇಕೆಂದು ಸ್ಪೇನಿನ ಈಶಾನ್ಯ ಕರಾವಳಿಯ ಕದಕೇಸ್ ಎಂಬ ಊರನ್ನು ಆರಿಸಿಕೊಂಡಿದ್ದೇನೆ. ಬಿಳಿ ಮನೆಗಳು, ಕೊಲ್ಲಿಯಲ್ಲಿ ದೋಣಿಗಳು. ಅವರಿಗೆ ಖಂಡಿತ ಹಿಡಿಸುತ್ತದೆ.

ಆ ಊರಿಗೆ ರೈಲಿಲ್ಲ. ಫಿಗೇರೆಸ್‌ವರೆಗೆ ರೈಲು, ಅಲ್ಲಿಂದ ಬೆಟ್ಟದ ತಿರುವುಗಳಲ್ಲಿ ಬಸ್. ಫಿಗೇರೆಸ್‌ನಲ್ಲಿ ಎರಡು ನಿಲ್ದಾಣಗಳಿವೆ: ವೇಗದ ರೈಲು ನಿಲ್ಲುವುದು ವಿಲಾಫಾಂತ್‌ನಲ್ಲಿ, ಬಸ್ ನಿಲ್ದಾಣ ಇರುವುದು ಹಳೆಯ ರೈಲು ನಿಲ್ದಾಣದ ಬಳಿ. ಬಾರ್ಸಿಲೋನಾದಿಂದ ನೇರ ಬಸ್ಸೂ ಇದೆ. ಆದರೆ ಅಮ್ಮನಿಗೆ ತಿರುವು ರಸ್ತೆಯಲ್ಲಿ ವಾಂತಿಯಾಗುತ್ತದೆ, ಮಂಡಿನೋವು ಬೇರೆ.

ಚಳಿಗಾಲದಲ್ಲಿ ಬಸ್ ಕಡಿಮೆ. ವೇಳಾಪಟ್ಟಿ ನೋಡಿದೆ, ಸಹೋದ್ಯೋಗಿಗಳನ್ನೂ ಕೇಳಿದೆ; ಅವರೆಲ್ಲ ಕಾರಿನಲ್ಲೇ ಹೋಗುವವರು. 1930ರಿಂದ 1982ರವರೆಗೆ ಚಿತ್ರಕಾರ ಸಾಲ್ವಡೋರ್ ಡಾಲಿ ವಾಸವಿದ್ದ, ಕದಕೇಸ್ ಪಕ್ಕದ ಪೋರ್ಟ್ ಲಿಗಾಟ್‌ನ ಮನೆಗೂ ಹೋಗುವ ಆಸೆ. ಅಲ್ಲಿ ಚಿಕ್ಕ ಗುಂಪುಗಳಲ್ಲಿ ಮಾತ್ರ ಒಳಗೆ ಬಿಡುತ್ತಾರೆ, ಸಮಯ ಮುಂಗಡವಾಗಿ ಕಾಯ್ದಿರಿಸಬೇಕು. ಬಸ್ ತಡವಾದರೆ ಅದೂ ಕೈತಪ್ಪುತ್ತದೆ.

ನನಗೆ ತಿಳಿಯದಿರುವುದು ಇಷ್ಟೇ. ಹಳೆಯ ಊರಿನ ಓಣಿಗಳಿಗೆ ಒರಟು ಕಲ್ಲು ಹಾಸಿದ್ದಾರೆ, ಸಾಂತಾ ಮರಿಯಾ ಚರ್ಚಿನತ್ತ ಕಡಿದಾದ ಏರು. ಕೋಲು ಹಿಡಿದು ನಡೆಯುವವರಿಗೆ ಅದು ಆಗುತ್ತದೆಯೇ, ಅಥವಾ ತೀರದ ಸಮತಟ್ಟಾದ ದಾರಿಯಲ್ಲೇ ಇದ್ದು ಪೋರ್ಟ್ ಲಿಗಾಟ್‌ಗೆ ಟ್ಯಾಕ್ಸಿ ಹಿಡಿಯಬೇಕೇ? ತ್ರಮುಂತಾನಾ ಎಂಬ ಉತ್ತರದ ಬಿರುಗಾಳಿಯ ಭಯವೂ ಇದೆ.

ಚಳಿಗಾಲದಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ: ಬೆಳಿಗ್ಗೆ ಹೋಗಿ ಸಂಜೆ ಮರಳುವುದು ಸಾಧ್ಯವೇ, ಇಲ್ಲವೇ ಒಂದು ರಾತ್ರಿ ಅಲ್ಲೇ ತಂಗುವುದೇ ಸರಿಯೇ?