ಒಣ ಬೇವಿನ ಪೊಟರೆಯಲ್ಲಿ ಹಳದಿ ಗುರುತಿನ ಗುಬ್ಬಿ: ಕೊಂಬೆ ಕಡಿಸಲು ಎಷ್ಟು ದಿನ ಕಾಯಬೇಕು?

ಬಾಲ್ಕನಿ ಗುಬ್ಬಿ, ದಾವಣಗೆರೆ

ಎರಡು ವರ್ಷದ ಹಿಂದೆ ಬಾಲ್ಕನಿಗೆ ಒಂದು ಗುಬ್ಬಿ ಪೆಟ್ಟಿಗೆ ತಂದು ಕಟ್ಟಿದೆ. ಮರದ್ದು, ಕೆಂಪು ಬಣ್ಣ, ಮುಂದೆ ಕೂರಲು ಕಡ್ಡಿ ಬೇರೆ. ಇವತ್ತಿನ ತನಕ ಒಂದು ಗುಬ್ಬಿಯೂ ಇಣುಕಿಲ್ಲ. ಅಳಿಲೊಂದು ತೆಂಗಿನ ನಾರು ತುಂಬಿ ಹೋಯಿತು, ಅಷ್ಟೇ. ಆದರೆ ಕೆಳಗಿನ ಮನೆಯವರ ಮೀಟರ್ ಬೋರ್ಡ್ ಹಿಂದೆ ಗುಬ್ಬಿ ಸಂಸಾರ ಜೋರಾಗಿ ನಡೆದಿದೆ. ನನ್ನ ಮೇಲೆ ಏನು ಸಿಟ್ಟೋ!

ಅದಿರಲಿ, ಕೇಳಬೇಕಾಗಿದ್ದು ಬೇರೆ. ಹೊಳಲ್ಕೆರೆ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಹಳೇ ಬೇವಿನ ಮರ ಇದೆ. ಒಂದು ಕಡೆ ಪೂರ್ತಿ ಒಣಗಿದೆ. ಹೋದ ಭಾನುವಾರ ಆ ಒಣ ಕೊಂಬೆಯ ಪೊಟರೆಗೆ ಗುಬ್ಬಿಯಂಥ ಹಕ್ಕಿ ಹೋಗಿ ಬಂದು ಮಾಡುತ್ತಿತ್ತು. ಗಂಡುಗುಬ್ಬಿಗೆ ಇರುವ ಕರಿ ಗಡ್ಡ ಇಲ್ಲ. ಬದಲಿಗೆ ಗಂಟಲ ಮೇಲೆ ಅರಿಶಿನದ ಬೆರಳು ಒರೆಸಿದ ಹಾಗೆ ಒಂದು ಗುರುತು. ಹೆಗಲು ಇಟ್ಟಿಗೆ ಬಣ್ಣ. ಕೊಕ್ಕು ಕಪ್ಪು, ಸ್ವಲ್ಪ ಚೂಪು. ಬಾಯಲ್ಲಿ ಹಸಿರು ಹುಳ ಇತ್ತು.

ಕೊಂಬೆ ಟ್ರ್ಯಾಕ್ಟರ್ ಮೇಲೆ ಬಿದ್ದೀತು, ಮುಂಗಾರಿಗೆ ಮುಂಚೆ ಕಡಿಸಬೇಕು ಅಂತ ಅಪ್ಪ ಹಟ ಹಿಡಿದಿದ್ದಾರೆ. ಇದು ಯಾವ ಗುಬ್ಬಿ? ಎಷ್ಟು ದಿನ ತಡೆಯಲಿ?

ಮಂಡಕ್ಕಿ ಮಿರ್ಚಿ

ಗೀಜಗ ಇರಬೇಕು, ಅದಕ್ಕೂ ಹಳದಿ ಇರುತ್ತದೆ. ಇನ್ನು ಬಾಲ್ಕನಿಗೆ ಗುಬ್ಬಿ ಬಾರದಿರುವುದಕ್ಕೆ ಮೊಬೈಲ್ ಟವರೇ ಕಾರಣ, ಬಿಡಿ.

ಜೋಗಿಮಟ್ಟಿ ಅಲೆಮಾರಿ

ಗೀಜಗ ಅಲ್ಲ. ಅದು ಪೊಟರೆಗೆ ಹೋಗುವುದಿಲ್ಲ, ಹುಲ್ಲು ಸೀಳಿ ಗೂಡು ನೇಯುತ್ತದೆ. ಅದೂ ಮಳೆ ಹಿಡಿದ ಮೇಲೆ. ನೀವು ನೋಡಿದ್ದು ಹಳದಿ ಕತ್ತಿನ ಗುಬ್ಬಿ. ಊರಗುಬ್ಬಿಯ ದಾಯಾದಿ ಅನ್ನಿ. ಕುರುಚಲು ಕಾಡು, ಬದುವಿನ ಮರ ಇದರ ಜಾಗ. ಜೋಗಿಮಟ್ಟಿ ದಾರಿಯಲ್ಲಿ ಬೇಸಿಗೆಯಲ್ಲಿ ನನಗೆ ಆಗಾಗ ಸಿಗುತ್ತದೆ. ಹೆಣ್ಣಿಗೆ ಆ ಹಳದಿ ಕಂಡೂ ಕಾಣದ ಹಾಗೆ ಇರುತ್ತದೆ, ಅದಕ್ಕೇ ಜನ ಮಾಮೂಲಿ ಗುಬ್ಬಿ ಅಂದುಕೊಂಡು ಸುಮ್ಮನಾಗುತ್ತಾರೆ. ಮುಂದೆ ದೊಡ್ಡ ಪಕ್ಷಿತಜ್ಞರಾದ ಸಲೀಂ ಅಲಿ 1908ರಲ್ಲಿ, ಇನ್ನೂ ಹುಡುಗರಿದ್ದಾಗ, ಏರ್‌ಗನ್ನಿನಿಂದ ಹೊಡೆದು, ಇದೇನು ಹಕ್ಕಿ ಅಂತ ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೊತ್ತುಕೊಂಡು ಹೋದದ್ದು ಇದನ್ನೇ. ಅವರ ಹಕ್ಕಿ ಹುಚ್ಚು ಅಲ್ಲಿಂದಲೇ ಶುರು.

ಬಾಯಲ್ಲಿ ಹುಳ ಅಂದಿರಲ್ಲ, ಒಳಗೆ ಮರಿ ಇದೆ. ದೊಡ್ಡವು ಕಾಳು ತಿಂದರೂ ಎಳೇ ಮರಿಗೆ ಹುಳವೇ ಬೇಕು. ಮೊಟ್ಟೆ ಒಡೆದ ಮೇಲೆ ಮರಿ ಹಾರಲು ಎರಡು ವಾರದ ಆಚೀಚೆ. ಅಪ್ಪನ ಹತ್ತಿರ ಮೂರು ವಾರ ಕೇಳಿ. ಆಮೇಲೂ ಬುಡಕ್ಕೆ ಕಡಿಸಬೇಡಿ. ಟ್ರ್ಯಾಕ್ಟರ್ ಕಡೆ ಚಾಚಿದ ತುದಿ ತೆಗೆಸಿ, ಪೊಟರೆ ಇರುವ ಮೋಟು ಬಿಡಿ. ಗುಬ್ಬಿಗೆ ಮರ ಕೊರೆಯಲು ಬರುವುದಿಲ್ಲ. ಮರಕುಟಿಗವೋ ಕುಟ್ರು ಹಕ್ಕಿಯೋ ಕೊರೆದು ಬಿಟ್ಟ ತೂತು ಬೇಕು, ಇಲ್ಲವೇ ತಾನಾಗಿ ಕೊಳೆತು ಆಗಿದ್ದು. ಇವತ್ತು ಬೇವಿನ ಸಸಿ ನೆಟ್ಟರೆ ಅಂಥ ಪೊಟರೆ ಆಗುವಷ್ಟರಲ್ಲಿ ನಿಮ್ಮ ಮಕ್ಕಳು ಮುದುಕರಾಗಿರುತ್ತಾರೆ.

ಪೆಟ್ಟಿಗೆ ವಿಷಯ: ಆ ಕಡ್ಡಿ ಕಿತ್ತು ಹಾಕಿ, ಅದು ಗುಬ್ಬಿಗಲ್ಲ, ಕಾಗೆಗೆ ಅನುಕೂಲ. ಊರಗುಬ್ಬಿಗೆ 32 ಮಿಲಿಮೀಟರ್ ತೂತು ಸಾಕು. ಅಳಿಲು ಹೊಕ್ಕಿದೆ ಅಂದರೆ ನಿಮ್ಮದು ದೊಡ್ಡದೇ ಇರಬೇಕು. ಮಧ್ಯಾಹ್ನದ ಬಿಸಿಲು ಬೀಳದ ಕಡೆ ಕಟ್ಟಿ.

ಟವರ್ ಮಾತು ಸಾಬೀತಾಗಿಲ್ಲ. 2020ರಲ್ಲಿ ಬಂದ ದೇಶದ ಹಕ್ಕಿಗಳ ವರದಿ ನೋಡಿ: ಬೆಂಗಳೂರು, ಚೆನ್ನೈನಂಥ ಮಹಾನಗರಗಳಲ್ಲಿ ಊರಗುಬ್ಬಿ ಇಳಿದಿದೆ, ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಇದ್ದಷ್ಟೇ ಇದೆ.

ಜಗಳೂರು ಸೊಸೆ

ನಮ್ಮ ಹಳೇ ಮಾಳಿಗೆ ಮನೆಯಲ್ಲಿ ಜಂತೆ ಸಂದಿಯಲ್ಲೊಂದು ಗೂಡು, ದೇವರ ಫೋಟೋ ಹಿಂದೆ ಇನ್ನೊಂದು. ಅತ್ತೆ ನವಣೆ ಕೇರುತ್ತಿದ್ದರೆ ಮೊರದ ಅಂಚಿಗೇ ಬಂದು ಕೂರುತ್ತಿದ್ದವು. ಕತೆಯಲ್ಲಿ ಕಾಗಕ್ಕನ ಮನೆ ಮಣ್ಣಿನದು, ಗುಬ್ಬಕ್ಕನದು ಕಲ್ಲಿನದು ಅಲ್ವಾ? ಇಲ್ಲಿ ಉಲ್ಟಾ. ನಾವು ಆರ್‌ಸಿಸಿ ಹಾಕಿಸಿದ್ದೇ ತಡ, ಗುಬ್ಬಕ್ಕ ಬೀದಿಗೆ ಬಿದ್ದಳು.

ಹೊಲದಲ್ಲೂ ಈಗ ಬರೀ ಮೆಕ್ಕೆಜೋಳ. ಆ ಕಾಳು ಗುಬ್ಬಿ ಕೊಕ್ಕಿಗೆ ಎಲ್ಲಿ ಹಿಡಿಸಬೇಕು? ಬದುವಿಗೂ ಕಳೆನಾಶಕ ಹೊಡೆಯುತ್ತೇವೆ. ನಾವೂ ಹೊಡೆದವರೇ, ಸುಮ್ನೆ ಬೇರೆಯವರನ್ನು ಯಾಕೆ ಅನ್ನಲಿ. ಹುಲ್ಲೇ ಇಲ್ಲದ ಕಡೆ ಮರಿಗೆ ಹುಳ ಎಲ್ಲಿಂದ ತರಬೇಕು ಅದು? ನಿಮ್ಮ ಬದು ಇನ್ನೂ ಹಸಿರಾಗಿದೆ ಅನ್ನಿಸುತ್ತದೆ.

ಬಾಲ್ಕನಿ ಗುಬ್ಬಿ, ದಾವಣಗೆರೆ

ಅಪ್ಪ ಮೂರು ವಾರಕ್ಕೆ ಹೂಂ ಅಂದರು. ಮೋಟು ಬಿಡುವುದಕ್ಕೂ ಒಪ್ಪಿದರು. ಆದರೆ ಕೊಂಬೆ ಕಡಿಸುವ ಕೂಲಿ ನನ್ನದಂತೆ! ಪೆಟ್ಟಿಗೆಯ ತೂತು ಅಳೆದೆ, ಬರೋಬ್ಬರಿ 50 ಮಿಲಿಮೀಟರ್. ಕಡ್ಡಿ ಕಿತ್ತಿದ್ದೇನೆ. ನಾಳೆ ಬಡಗಿ ಹತ್ತಿರ ಹಲಗೆ ಚೂರಿಗೆ 32ರ ತೂತು ಕೊರೆಸಿ ಮೇಲೆ ಮೊಳೆ ಹೊಡೆಯಬೇಕು.