ಹಳೆಯ ಫೈರ್‌ವೈರ್ ಇಂಟರ್‌ಫೇಸ್ ಹೊಸ ಲ್ಯಾಪ್‌ಟಾಪಿಗೆ ಹೊಂದೀತೇ?

ಪ್ರಶ್ನೆ (ಶಿರಸಿ): ತಾಳಮದ್ದಲೆಗಳ ಧ್ವನಿಮುದ್ರಣಕ್ಕೆ ನಮ್ಮ ಬಳಗ ಬಳಸುತ್ತಿದ್ದ ಎಂಟು ಚಾನೆಲ್‌ಗಳ ಫೈರ್‌ವೈರ್ ಇಂಟರ್‌ಫೇಸ್ (ಮೈಕುಗಳ ಧ್ವನಿಯನ್ನು ಫೈರ್‌ವೈರ್ ಎಂಬ ಹಳೆಯ ಬಗೆಯ ಕೇಬಲ್ ಮೂಲಕ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ) ಇಂದಿಗೂ ಸುಸ್ಥಿತಿಯಲ್ಲಿದೆ, ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಪೋರ್ಟ್ ಮಾತ್ರ ಇದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಕನ್ವರ್ಟರ್ ಕೇಬಲ್ ಸಾಕಾದೀತೇ?

ಉತ್ತರ (ಕುಮಟಾ): ಸಾಲದು. ಫೈರ್‌ವೈರ್ ಮತ್ತು ಯುಎಸ್‌ಬಿ ಮೂಲತಃ ಬೇರೆ ವ್ಯವಸ್ಥೆಗಳಾದ್ದರಿಂದ, ಕೇಬಲ್ಲಿನ ತುದಿ ಬದಲಾದ ಮಾತ್ರಕ್ಕೆ ಇಂಟರ್‌ಫೇಸ್ ಕೆಲಸ ಮಾಡುವುದಿಲ್ಲ. ಡೆಸ್ಕ್‌ಟಾಪ್ ಇದ್ದರೆ ಅದರೊಳಗೆ ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸುವುದೇ ನೇರ ದಾರಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವುದನ್ನೇ ಕೇಳಿ ಪಡೆಯಿರಿ.

ಉತ್ತರ (ಕಾರವಾರ): ಮ್ಯಾಕ್ ಆದರೆ ಥಂಡರ್‌ಬೋಲ್ಟ್ ಎಂಬ ವೇಗದ ಪೋರ್ಟಿನ 3ನೇ ಆವೃತ್ತಿಯಿಂದ 2ಕ್ಕೆ, ಅಲ್ಲಿಂದ ಫೈರ್‌ವೈರ್ 800ಕ್ಕೆ, ಹೀಗೆ ಎರಡು ಅಡಾಪ್ಟರ್ ಜೋಡಿಸಬೇಕು, ಆದರೆ ಮ್ಯಾಕ್ ನಡೆಸುವ ತಂತ್ರಾಂಶದ 2025ರ ಆವೃತ್ತಿಯಾದ ಮ್ಯಾಕ್‌ಒಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದಿದ್ದಾರೆ. ಲಿನಕ್ಸ್ ಮಾತ್ರ ಇಂತಹ ಹಲವು ಇಂಟರ್‌ಫೇಸ್‌ಗಳನ್ನು ತಯಾರಕರ ಡ್ರೈವರ್ (ಉಪಕರಣವನ್ನು ನಡೆಸುವ ತಂತ್ರಾಂಶ) ಇಲ್ಲದೆಯೇ ಗುರುತಿಸುತ್ತದೆ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಮೊದಲು ಪೋರ್ಟಿನೊಳಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಕೇಬಲ್ ಚುಚ್ಚುವಾಗ ಎರಡೂ ಉಪಕರಣಗಳ ಪವರ್ ಆಫ್ ಆಗಿರಲಿ.